ಗೋಧಿ ಒಲ್ಲದ ಹೊಟ್ಟೆ

ಮಗುವಿನ ಹೊಟ್ಟೆ ಉಬ್ಬರಿಸಿದರೆ ನಮ್ಮ ಅಜ್ಜಿಯರು ಬಜೆ ತೇಯುತ್ತಿದ್ದರು, ಹೊಕ್ಕುಳ ಸುತ್ತ ಹಿಂಗು ಹಚ್ಚುತ್ತಿದ್ದರು. ಬಹುಪಾಲು ಹೊಟ್ಟೆನೋವು ಅಷ್ಟಕ್ಕೇ ಇಳಿಯುತ್ತಿತ್ತು, ಹಚ್ಚದಿದ್ದರೂ ಇಳಿಯುತ್ತಿತ್ತೇನೋ! ಆದರೆ ಕೆಲವು ಮಕ್ಕಳಿಗೆ ಉಂಡದ್ದು ಮೈಗೆ ಹತ್ತುವುದೇ ಇಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಮಲ ಹೆಚ್ಚು, ಬಿಳಿಚು, ಜಿಡ್ಡು, ದುರ್ನಾತ. ಸೀಲಿಯಾಕ್ ಎಂಬ ಈ ಕಾಯಿಲೆ ಹಿಂದೆ ಅನೇಕ ಮಕ್ಕಳನ್ನು ಬಲಿ ತೆಗೆದುಕೊಂಡಿತು.

1887ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದನ್ನು ವಿವರವಾಗಿ ಬಣ್ಣಿಸಿ, ಗುಣವಾಗುವುದಿದ್ದರೆ ಪಥ್ಯದಿಂದಲೇ ಎಂದ. ಆದರೆ ಯಾವ ಪಥ್ಯ? ಅವನು ಕಂಡ ಒಂದು ಮಗು ಹಾಲೆಂಡಿನ ಚಿಪ್ಪುಮೀನು ತಿಂದು ಚೇತರಿಸಿಕೊಂಡಿತು. ಅದರ ಕಾಲ ಮುಗಿದೊಡನೆ ಮತ್ತೆ ಮಲಗಿತು. ಮರುವರ್ಷ ಮಗು ಚಿಪ್ಪುಮೀನನ್ನು ಬಾಯಿಗೇ ಇಡಲಿಲ್ಲವಂತೆ! 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿದ. ಮಕ್ಕಳು ಚೇತರಿಸಿಕೊಂಡರು, ಕೀರ್ತಿ ಬಾಳೆಹಣ್ಣಿಗೆ ಸಂದಿತು. ಅದೇ ಪಥ್ಯದಲ್ಲಿ ಬ್ರೆಡ್ಡು ನಿಷಿದ್ಧವಾಗಿತ್ತು ಎಂಬುದರತ್ತ ಯಾರ ಗಮನವೂ ಹರಿಯಲಿಲ್ಲ.

ಗುಟ್ಟು ಹಿಡಿದವನು ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ಬರುವುದು ನಿಂತು, ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮರಳಿದಾಗ ಕಾಯಿಲೆಯೂ ಮರಳಿತು. ಹಸಿವೇ ಅವನಿಗೆ ಪಾಠ ಹೇಳಿತೆಂದು ಕಥೆ ಕಟ್ಟುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಯುದ್ಧಕ್ಕೆ ಮೊದಲೇ ಡಿಕ್ಕೆಗೆ ಗೋಧಿಯ ಮೇಲೆ ಗುಮಾನಿಯಿತ್ತು. ಮಕ್ಕಳಿಗೆ ಗೋಧಿ ಕೊಟ್ಟು, ಬಿಡಿಸಿ, ಪರಿಣಾಮವನ್ನು ಗಮನಿಸಿ 1950ರಲ್ಲಿ ಪ್ರೌಢಪ್ರಬಂಧ ಬರೆದ.

ತಪ್ಪು ಗೋಧಿಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್‌ನದು. ಜವೆಗೋಧಿಯಲ್ಲೂ ಇದರ ಬಂಧುವಿದೆ. ಇಂಥ ಮಕ್ಕಳ ದೇಹ ಇದನ್ನು ಕಂಡು ಕೆರಳಿ, ತನ್ನದೇ ಸಣ್ಣಕರುಳಿನ ಮೇಲೆ ಹರಿಹಾಯುತ್ತದೆ. ಆಹಾರಸಾರ ಹೀರುವ ಮಕಮಲ್ಲಿನಂಥ ಎಳೆಗಳು ಸವೆದು ಮಟ್ಟಸವಾಗುತ್ತವೆ. ಭೇದಿಯೇ ಆಗಬೇಕೆಂದಿಲ್ಲ, ಎತ್ತರ ಬೆಳೆಯದಿರುವುದು, ಟಾನಿಕ್ಕಿಗೆ ಬಗ್ಗದ ರಕ್ತಹೀನತೆ ಮಾತ್ರವೂ ಕಾಣಬಹುದು. ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಸಾಮಾನ್ಯವಾಗಿ ಕರುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸುತ್ತಾರೆ. ತಾಯ್ತಂದೆಯರು ಎಡವುವುದು ಇಲ್ಲೇ: ಅನುಮಾನ ಬಂದೊಡನೆ ಚಪಾತಿ ನಿಲ್ಲಿಸಿ ಆಮೇಲೆ ವೈದ್ಯರಲ್ಲಿಗೆ ಹೋಗುತ್ತಾರೆ. ಅಷ್ಟರಲ್ಲಿ ಕರುಳು ಮಾಯತೊಡಗಿ, ಪರೀಕ್ಷೆಯಲ್ಲಿ ರೋಗ ಕಾಣದೇ ಹೋಗಬಹುದು. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಿಸಬಾರದು.

ರೋಗವೆಂದು ಖಚಿತವಾದರೆ ಗೋಧಿ ಜೀವನಪರ್ಯಂತ ವರ್ಜ್ಯ. ಚಪಾತಿಯೇ ಪ್ರಧಾನವಾದ ಉತ್ತರ ಭಾರತದಲ್ಲಿ ರೋಗವೂ ಹೆಚ್ಚು, ಪಥ್ಯವೂ ಕಷ್ಟ. ಅಕ್ಕಿ, ರಾಗಿ, ಜೋಳ, ನವಣೆಗಳಲ್ಲಿ ಗ್ಲುಟೆನ್ ಇಲ್ಲದ್ದರಿಂದ ನಮ್ಮ ಅಡುಗೆಮನೆಗಳಿಗೆ ಇದು ಅಷ್ಟು ಭಾರವಲ್ಲ. ಆದರೂ ಉಪ್ಪಿಟ್ಟಿನ ರವೆ, ಶ್ಯಾವಿಗೆ, ಬಿಸ್ಕತ್ತುಗಳೆಲ್ಲ ಗೋಧಿಯವೇ. ಅಂಗಡಿಯ ಪುಡಿಹಿಂಗಿಗೂ ಹೆಚ್ಚಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಬೀಸಿಸಿಕೊಂಡು ಬಂದ ರಾಗಿಹಿಟ್ಟೂ ಈ ಮಕ್ಕಳಿಗೆ ಆಗದು.