ಧೂಮಕೇತುಗಳ ಹುಟ್ಟುಗುಣ ಮತ್ತು ಮುಪ್ಪು

೨೦೨೪ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಸೂರ್ಯೋದಯಕ್ಕೆ ಮುನ್ನ, ತ್ಸುಚಿನ್‌ಷಾನ್-ಅಟ್ಲಾಸ್ ಎಂಬ ಧೂಮಕೇತು ನಮ್ಮ ಮೂಡಣ ದಿಗಂತದಲ್ಲಿ ತೋರಿತು. ಧೂಮಕೇತುಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವಕ್ಕೆ ನೀಳವಾದ ಬಾಲ, ಕೆಲವು ಬರಿಯ ಮಸುಕಾದ ಚುಕ್ಕೆಗಳು. ಈ ಭೇದವು ಹುಟ್ಟಿನಿಂದ ಬಂದುದೊ, ವಯಸ್ಸಿನಿಂದ ಬಂದುದೊ?

ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ, ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ಹರಡಿತ್ತು. ಅದರ ಶೀತಲವಾದ ಹೊರಭಾಗದಲ್ಲಿ ಹಿಮವೂ ಧೂಳೂ ಕೂಡಿ ಧೂಮಕೇತುಗಳು ಜನಿಸಿದವು. ಕೆಲವನ್ನು ಬೃಹದ್ಗ್ರಹಗಳು ಬಹುದೂರಕ್ಕೆ ಎಸೆದವು. ಅವುಗಳ ನೆಲೆಯೇ ಊರ್ಟ್ ಮೇಘ. ಮಿಕ್ಕ ಹಲವು ನೆಪ್ಚೂನಿನ ಆಚೆ ಉಳಿದವು.

ಸೂರ್ಯನನ್ನು ಸಮೀಪಿಸಿದೊಡನೆ ಈ ಹಿಮವು ಕರ್ಪೂರದಂತೆ, ದ್ರವವಾಗದೆಯೇ ಆವಿಯಾಗುತ್ತದೆ. ಧೂಳನ್ನು ಸೂರ್ಯನ ಬೆಳಕೂ, ವಿದ್ಯುದಾವಿಷ್ಟ ಅನಿಲವನ್ನು ಸೌರಮಾರುತವೂ ಹಿಂದಕ್ಕೆ ತಳ್ಳುವುದರಿಂದ ಎರಡು ಬಾಲಗಳು ಮೂಡುತ್ತವೆ. ಆ ಮಾರುತದ ಉಗಮಸ್ಥಾನವಾದ ಸೂರ್ಯನ ಕರೋನವನ್ನೇ ಗೌರಿಬಿದನೂರಿನ ರೇಡಿಯೊ ದೂರದರ್ಶಕಗಳು ಪರಿಶೀಲಿಸುತ್ತವೆ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿನೀರಿನಲ್ಲಿಟ್ಟು ಎಳೆ ತೆಗೆಯುವುದನ್ನು ವಾಚಕರು ನೋಡಿರಬಹುದು. ಎಳೆ ಹೊರಟಂತೆಲ್ಲ ಗೂಡು ತೆಳುವಾಗುತ್ತದೆ. ಧೂಮಕೇತುವೂ ಹಾಗೆಯೇ, ಪ್ರತಿ ಸಲ ಸೂರ್ಯನ ಬಳಿ ಬಂದಾಗಲೂ ಒಂದಿಷ್ಟು ದ್ರವ್ಯವನ್ನು ಕಳೆದುಕೊಳ್ಳುತ್ತದೆ. ಉಳಿದ ಧೂಳು ಕರಿಯ ಹೊದಿಕೆಯಾಗಿ ಹಿಮವನ್ನು ಮುಚ್ಚುತ್ತದೆ, ಬಾಲವು ಕ್ಷೀಣಿಸುತ್ತದೆ. ಇದೇ ಮುಪ್ಪು.

ಆದರೆ ಗೂಡಿನ ಎಳೆ ಮುಗಿದಾಗ ಒಳಗೆ ಕಾಣುವ ಹುಳು ಬೇರೆಯೇ ವಸ್ತುವಷ್ಟೆ. ಧೂಮಕೇತುವಿನ ಒಡಲೂ ಹೊರಮೈಗಿಂತ ಬೇರೆಯಾಗಿದೆಯೆ? ಧೂಮಕೇತುವಿನ ತಲೆಗೆ ಹಸುರು ಹೊಳಪನ್ನು ಕೊಡುವುದು ಎರಡು ಪರಮಾಣುಗಳ ಇಂಗಾಲದ ಅಣು. ಕೆಲವು ಧೂಮಕೇತುಗಳಲ್ಲಿ ಇದು ಬಹಳ ವಿರಳ. ಇಂಥವುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಿಗೊಮ್ಮೆ ಮರಳುವ ಗುರುಗ್ರಹ ಕುಟುಂಬಕ್ಕೆ ಸೇರಿದವು. ಆದಕಾರಣ, ಪದೇಪದೇ ಬೆಂದು ಮೇಲ್ಪದರದ ಇಂಗಾಲ ತೀರಿರಬೇಕೆಂದು ಸಂಶಯಪಡುವುದು ಸಹಜ.

ಈ ಸಂಶಯವನ್ನು ನಿಸರ್ಗವೇ ಪರೀಕ್ಷಿಸಿತು. ಅಂಥದೇ ಒಂದು ಧೂಮಕೇತುವಾದ ಶ್ವಾಸ್‌ಮಾನ್-ವಾಖ್‌ಮಾನ್ ೩, ೧೯೯೫ರಲ್ಲಿ ಒಡೆಯಿತು. ೨೦೦೬ರಲ್ಲಿ ಅದರ ಚೂರುಗಳು ಭೂಮಿಯ ಸಮೀಪದಲ್ಲಿ ಹಾದುಹೋದಾಗ, ಅದುವರೆಗೆ ಬಿಸಿಲು ಕಾಣದಿದ್ದ ಒಡಲು ಬಯಲಾಗಿತ್ತು. ಕೊರತೆ ಮೇಲ್ಪದರದ್ದು ಮಾತ್ರವಾಗಿದ್ದರೆ ಒಳಗೆ ಇಂಗಾಲವು ಸಮೃದ್ಧವಾಗಿರಬೇಕಿತ್ತು. ಹಾಗಿರಲಿಲ್ಲ, ಒಳಗೂ ಅದೇ ಕೊರತೆ.

ಆದುದರಿಂದ ಕರಿಯ ಹೊದಿಕೆ, ಕುಂದಿದ ಬಾಲ ಇವು ಮುಪ್ಪಿನ ಗುರುತುಗಳು. ಇಂಗಾಲದ ಈ ಕೊರತೆಯಾದರೋ ಹುಟ್ಟುಗುಣ. ಆ ಧೂಮಕೇತು ಜನಿಸಿದ ಎಡೆಯಲ್ಲಿ ಯಾವ ದ್ರವ್ಯ ಎಷ್ಟಿತ್ತೆಂಬುದನ್ನು ಅದು ಇಂದಿಗೂ ತನ್ನ ಒಡಲಿನಲ್ಲಿ ಕಾಯ್ದಿರಿಸಿಕೊಂಡಿದೆ.