ಬೆಂಗಳೂರಿನಲ್ಲಿ ಓದಿದ ಮಲಯಾಳದ ಮಹಾಕವಿ

ತಿರುವನಂತಪುರದಿಂದ ಆಟಿಂಗಲ್ ಕಡೆಗೆ ಹೆದ್ದಾರಿ ಹಿಡಿದರೆ ದಾರಿಯಲ್ಲಿ ತೋನ್ನಕ್ಕಲ್ ಸಿಗುತ್ತದೆ. ಮಹಾಕವಿ ಕುಮಾರನ್ ಆಶಾನ್ ಬಾಳಿದ ಪುಟ್ಟ ಮನೆಯನ್ನು ಕಾಯ್ದುಕೊಂಡು ಬಂದಿರುವ ಸಂಸ್ಥೆ ಇರುವುದು ಅಲ್ಲೇ. ಕವಿಯ ಹಸ್ತಪ್ರತಿಗಳ ಜೊತೆಗೆ, ಅವರ ಕಾವ್ಯಲೋಕಕ್ಕೆ ಶಿಲ್ಪಿ ಕಾನಾಯಿ ಕುಂಞಿರಾಮನ್ ರೂಪ ಕೊಟ್ಟ ಭಿತ್ತಿಶಿಲ್ಪವೂ ಇದೆ. ಕಾನಾಯಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯವರು.

ಕನ್ನಡಿಗರಿಗೆ ಆಶಾನ್ ಅಷ್ಟೇನೂ ದೂರದವರಲ್ಲ. 1873ರಲ್ಲಿ ಕಾಯಿಕ್ಕರದಲ್ಲಿ ಹುಟ್ಟಿದ ಈ ಈಳವ ಜಾತಿಯ ಹುಡುಗನ ಪ್ರತಿಭೆಯನ್ನು ನಾರಾಯಣ ಗುರುಗಳು ಗುರುತಿಸಿದರು. ಮುಂದಿನ ಓದಿಗೆ ಆಸರೆಯಾದವರು ಡಾ. ಪಲ್ಪು. ಜಾತಿಯ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡದೆ ಹೋದಾಗ ಮೈಸೂರು ಸಂಸ್ಥಾನದ ವೈದ್ಯಸೇವೆಗೆ ಸೇರಿದ್ದವರು ಅವರು. ಅವರ ಬೆಂಗಳೂರಿನ ಮನೆಯಲ್ಲಿದ್ದುಕೊಂಡೇ ಆಶಾನ್ ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಶಾಸ್ತ್ರ ಓದಿದರು. 1898ರಲ್ಲಿ ನಗರಕ್ಕೆ ಪ್ಲೇಗ್ ಬಡಿಯಿತು; ಓದು ಅರ್ಧಕ್ಕೆ ನಿಂತು, ಅವರು ಕಲ್ಕತ್ತೆಯ ದಾರಿ ಹಿಡಿದರು.

ಊರಿಗೆ ಮರಳಿದವರು ಕವಿತೆ ಬರೆದುಕೊಂಡು ಕೂರಲಿಲ್ಲ. 1903ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಹುಟ್ಟಿದ ಸುಧಾರಣಾ ಸಂಘ, ಶ್ರೀ ನಾರಾಯಣ ಧರ್ಮ ಪರಿಪಾಲನ (ಎಸ್‌ಎನ್‌ಡಿಪಿ) ಯೋಗದ ಮೊದಲ ಕಾರ್ಯದರ್ಶಿಯಾದರು, ಅದರ ‘ವಿವೇಕೋದಯಂ’ ಪತ್ರಿಕೆ ನಡೆಸಿದರು. ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯಬೇಕೆಂದು ಹೋರಾಡಿದರು. ಆಲುವಾ ಬಳಿ ಹಂಚಿನ ಕಾರ್ಖಾನೆಯನ್ನೂ ಹಾಕಿದರು. ಸಭೆ, ಮನವಿ, ಲೆಕ್ಕಪತ್ರಗಳ ನಡುವೆಯೇ 1907ರಲ್ಲಿ ‘ವೀಣ ಪೂವು’ ಬಂತು. ಉದುರಿಬಿದ್ದ ಒಂದು ಹೂವನ್ನು ಕುರಿತ ಈ ಕಿರುಕಾವ್ಯ ಮಲಯಾಳ ಕವಿತೆಗೆ ಹೊಸ ದಿಕ್ಕು ತೋರಿತು. 1922ರ ‘ದುರವಸ್ಥ’ದಲ್ಲಿ ಮಲಬಾರಿನ ಗಲಭೆಗೆ ಸಿಕ್ಕಿ ಮನೆ ಕಳೆದುಕೊಂಡ ನಂಬೂದಿರಿ ಹೆಣ್ಣು ಅಸ್ಪೃಶ್ಯರೆನಿಸಿದ್ದ ಪುಲಯ ಜಾತಿಯ ಯುವಕನ ಗುಡಿಸಲಲ್ಲಿ ಆಶ್ರಯ ಪಡೆಯುತ್ತಾಳೆ, ಕೊನೆಗೆ ಅವನನ್ನೇ ವರಿಸುತ್ತಾಳೆ. ಅದೇ ವರ್ಷದ ‘ಚಂಡಾಲಭಿಕ್ಷುಕಿ’ಯಲ್ಲಿ ಬೌದ್ಧ ಭಿಕ್ಷು ಕೆಳಜಾತಿಯ ಹುಡುಗಿಯ ಕೈಯಿಂದ ನೀರು ಕೇಳುತ್ತಾನೆ. ಮಹಾಕಾವ್ಯವೊಂದನ್ನೂ ಬರೆಯದೆ ಮಹಾಕವಿ ಎನಿಸಿಕೊಂಡವರು ಆಶಾನ್.

1924ರ ಜನವರಿ 16ರ ನಸುಕಿನಲ್ಲಿ ಪಲ್ಲನ ಬಳಿ ‘ರಿಡೀಮರ್’ ಬೋಟ್ ಮಗುಚಿ ಅವರು ತೀರಿಕೊಂಡಾಗ ಐವತ್ತೊಂದು ಕೂಡ ತುಂಬಿರಲಿಲ್ಲ.

ಕೇರಳದ ಉತ್ತರ ತುದಿಯ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಸ್ಮಾರಕವಾಗಿದೆ. ದಕ್ಷಿಣದಲ್ಲಿ ತೋನ್ನಕ್ಕಲ್. ಕವಿಯ ಮನೆ ಉಳಿಸುವುದು ಸುಲಭ. ಕವಿ ಎತ್ತಿದ ಪ್ರಶ್ನೆಯನ್ನು ಉಳಿಸುವುದು ಕಷ್ಟ. ಆಶಾನ್ ತಾವೇ ಸಂಘ ಕಟ್ಟಿ ನಡೆಸಿದವರು. ಹಾಗಾಗಿ ಅವರ ಹೆಸರಿನ ಸಂಸ್ಥೆಯನ್ನು ವರ್ಷಕ್ಕೊಮ್ಮೆ ಹಾಕುವ ಹಾರದಿಂದ ಅಳೆಯಲಾಗದು. ‘ದುರವಸ್ಥ’ ಓದಿದ ಹುಡುಗರು ಅಲ್ಲಿ ಕೂತು ಜಾತಿಯ ಬಗ್ಗೆ ಜಗಳವಾಡುತ್ತಾರೆಯೇ ಎಂಬುದೇ ಅದಕ್ಕೆ ಸರಿಯಾದ ಅಳತೆ.

ತಿರುವನಂತಪುರಕ್ಕೆ ಅನಂತಪದ್ಮನಾಭನ ದರ್ಶನಕ್ಕೆ ಹೋಗುವ ಕನ್ನಡಿಗರು ಅರ್ಧ ದಿನ ಹೆಚ್ಚು ಇಟ್ಟುಕೊಂಡರೆ ಸಾಕು, ಬೆಂಗಳೂರಿನಲ್ಲಿ ಓದಿದ ಈ ಕವಿಯ ಮನೆಯನ್ನೂ ನೋಡಿ ಬರಬಹುದು.