ಪ್ಲಗ್ ಹೇಳುವ ಸಾಕ್ಷಿ

ಸ್ಟಾರ್ಟ್ ಆಗದ ಬೈಕನ್ನು ತಳ್ಳಿಕೊಂಡು ಬಂದವನು ಆಗಲೇ ಬೇಕಾದಷ್ಟು ಕಿಕ್ ಹೊಡೆದು ಬೆವೆತಿರುತ್ತಾನೆ. ಪಳಗಿದ ಮೆಕ್ಯಾನಿಕ್ ಮತ್ತೆ ಅದನ್ನೇ ಮಾಡುವುದಿಲ್ಲ. ‘ಓಡ್ತಾ ಓಡ್ತಾ ನಿಂತಿದ್ದಾ ಸಾರ್, ಇಲ್ಲಾ ಬೆಳಿಗ್ಗೆ ಎದ್ದು ಹೊಡೆದಾಗ ಹತ್ತಲಿಲ್ವಾ? ನಿಲ್ಲೋಕೆ ಮುಂಚೆ ಜರ್ಕ್ ಹೊಡೀತಾ?’ ಎಂದು ಶುರು ಮಾಡುತ್ತಾನೆ. ಇದು ಕಾಲಹರಣದ ಮಾತಲ್ಲ. ಸ್ವಿಚ್ ಆರಿಸಿದಂತೆ ಗಪ್ಪೆಂದು ನಿಂತಿದ್ದರೆ ಅವನ ಗುಮಾನಿ ಕರೆಂಟಿನ ಕಡೆಗೆ. ಎಳೆದೂ ಎಳೆದೂ, ಮುಗ್ಗರಿಸಿ ನಿಂತಿದ್ದರೆ ಪೆಟ್ರೋಲ್ ಕಡೆಗೆ. ಬಿಸಿಯಾದಾಗ ನಿಂತು, ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಹತ್ತುತ್ತದೆಂದರೆ ಕಿಡಿ ಹುಟ್ಟಿಸುವ ಕಾಯಿಲ್ ಅಥವಾ ಕಂಡೆನ್ಸರ್. ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

ಈ ಕಸುಬನ್ನು ಅರಿಯಲು ಕನ್ನಡಿಗರಿಗೆ ಜಾವಾ, ಯೆಜ್ಡಿಗಿಂತ ಒಳ್ಳೆಯ ಪಾಠ ಸಿಗಲಾರದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಬೈಕ್ ತಯಾರಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಮಾತ್ರ ಉಳಿದವು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್‌ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಎಲ್ಲವೂ ಕೈಗೆಟಕುವ ಜಾಗದಲ್ಲಿ, ಕಣ್ಣಿಗೆ ಕಾಣುವಂತಿದೆ. ಹಾಗಾಗಿ ತಪ್ಪು ಎಲ್ಲಿದೆ ಎಂದು ಹುಡುಕುವುದನ್ನು ಇದರ ಮೇಲೇ ಕಲಿತವರು ಒಂದು ತಲೆಮಾರಿನಷ್ಟಿದ್ದಾರೆ.

ಎಂಜಿನ್ ಹತ್ತಲು ಬೇಕಾದದ್ದು ಪೆಟ್ರೋಲ್, ಗಾಳಿ, ಕಿಡಿ ಮತ್ತು ಒತ್ತಡ. ಕಿಡಿ ಸರಿಯಾದ ಗಳಿಗೆಗೆ ಬರಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಇಷ್ಟು ಯಾವ ಪುಸ್ತಕದಲ್ಲೂ ಇದೆ. ಯಾವುದನ್ನು ಮೊದಲು ನೋಡಬೇಕು ಎಂಬುದರಲ್ಲೇ ಕೈಚಳಕ ಇರುವುದು. ಕಾಸು ಖರ್ಚಿಲ್ಲದ, ಬಿಚ್ಚುವ ಕೆಲಸವಿಲ್ಲದ ಪರೀಕ್ಷೆ ಮೊದಲು. ಟ್ಯಾಂಕ್ ಅಲ್ಲಾಡಿಸಿ ಸದ್ದು ಕೇಳು, ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡು, ರಿಸರ್ವ್‌ಗೆ ತಿರುಗಿಸು. ಈಗಿನ ಗಾಡಿಯಾದರೆ ಕಿಲ್ ಸ್ವಿಚ್ ಮೇಲೆ ಕಣ್ಣು ಹಾಯಿಸು. ಪಾರ್ಕಿಂಗ್‌ನಲ್ಲಿ ಯಾರೋ ಒತ್ತಿಹೋದ ಕೆಂಪು ಸ್ವಿಚ್ಚಿನಿಂದ ಬೈಕ್ ಗ್ಯಾರೇಜು ಸೇರುವುದುಂಟು. ಮರ್ಯಾದಸ್ಥ ಮೆಕ್ಯಾನಿಕ್ ಅದಕ್ಕೆ ದುಡ್ಡು ಕೇಳುವುದಿಲ್ಲ, ನಗುವುದನ್ನು ಮಾತ್ರ ಬಿಡುವುದಿಲ್ಲ.

ಆಮೇಲೆ ಪ್ಲಗ್. ಈ ವಿಚಾರಣೆಯ ಮುಖ್ಯ ಸಾಕ್ಷಿ ಇದೇ, ಏಕೆಂದರೆ ಎಂಜಿನ್ನಿನ ಒಳಗಿದ್ದು ಹೊರಗೆ ಬರಬಲ್ಲದ್ದು ಇದೊಂದೇ. ಹತ್ತಾರು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗಿಯೇ ಇಲ್ಲ, ಕರೆಂಟಿನ ವೈರು ಹಿಡಿದು ಹೊರಡುವುದು ದಂಡ. ತೊಯ್ದು ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಕಿಡಿ ಇಲ್ಲದಿರಬಹುದು, ಇಲ್ಲವೇ ಚೋಕ್ ಎಳೆದು ಎಳೆದು ಓವರ್‌ಫ್ಲೋ ಮಾಡಿರಬಹುದು. ಓವರ್‌ಫ್ಲೋ ಆಗಿದ್ದರೆ ಕಾಕ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕೆಲವು ಕಿಕ್ ಹೊಡೆದರೆ ಒಳಗಿನ ಹೆಚ್ಚುವರಿ ಪೆಟ್ರೋಲ್ ಗಾಳಿಯೊಡನೆ ಹೊರಬೀಳುತ್ತದೆ. ಕಪ್ಪಗೆ ಅಂಟಂಟಾಗಿದ್ದರೆ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಜಾಸ್ತಿಯಾಗಿದೆ, ಅಥವಾ ಕ್ಲಚ್ ಕಡೆಯ ಆಯಿಲ್ ಸೀಲ್ ಸವೆದು ಗೇರ್ ಆಯಿಲ್ ಒಳಗೆ ನುಗ್ಗುತ್ತಿದೆ. ಎರಡನೆಯದಾದರೆ ಸೈಲೆನ್ಸರ್ ದಟ್ಟ ಬಿಳಿ ಹೊಗೆ ಉಗುಳಿ ಮೊದಲೇ ಚಾಡಿ ಹೇಳಿರುತ್ತದೆ.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರ್‌ಗೆ ತಾಗುವಂತೆ ಇಟ್ಟು ಕಿಕ್ ಹೊಡೆಯುತ್ತಾರೆ. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದಾದ್ದರಿಂದ ಪ್ಲಗ್ಗನ್ನು ಅದರಿಂದ ದೂರ ಇಡಬೇಕು. ದಪ್ಪನೆಯ ನೀಲಿ ಕಿಡಿ ಚಟ್ಟೆಂದರೆ ಒಳ್ಳೆಯದು, ತೆಳ್ಳಗೆ ಹಳದಿಯಾಗಿದ್ದರೆ ಅನುಮಾನ. ಎಷ್ಟೋ ಜನ ಎಡವುವುದು ಇಲ್ಲೇ. ಬಯಲಿನಲ್ಲಿ ಕಿಡಿ ಬಂದ ಮಾತ್ರಕ್ಕೆ ಸಿಲಿಂಡರ್ ಒಳಗೂ ಬರುತ್ತದೆ ಎನ್ನುವಂತಿಲ್ಲ. ಒತ್ತಡದಲ್ಲಿರುವ ಗಾಳಿಯನ್ನು ದಾಟಲು ಕಿಡಿಗೆ ಇನ್ನೂ ಹೆಚ್ಚು ವೋಲ್ಟೇಜ್ ಬೇಕು. ಬಳಲಿದ ಕಾಯಿಲ್ ಹೊರಗೆ ಮಿಂಚಿ, ಒಳಗೆ ಕೈಕೊಡುತ್ತದೆ.

ಕಿಡಿ ಇಲ್ಲವೇ ಇಲ್ಲ ಎಂದಾದರೆ ಬ್ಯಾಟರಿಯಿಂದ ಹೊರಟು ಕೀ, ಕಾಯಿಲ್, ಪಾಯಿಂಟ್ ಎಂದು ಒಂದೊಂದನ್ನೇ ನೋಡುತ್ತಾ ಹೋಗಬೇಕು. ಕೈಯಲ್ಲಿ ವೈರು ಕಟ್ಟಿದ ಒಂದು ಬಲ್ಬ್ ಇದ್ದರೆ ಸಾಕು, ಎಲ್ಲಿಯವರೆಗೆ ಉರಿಯಿತೋ ಅಲ್ಲಿಯವರೆಗೆ ಕರೆಂಟ್ ಇದೆ. ಕಾಯಿಲ್ಲಿನ ಕರೆಂಟನ್ನು ಕಡಿದು ಕಿಡಿ ಹಾರಿಸುವ ಪಾಯಿಂಟ್ ಜಾವಾದ ಬಲಗಡೆ, ಡೈನಮೋ ಮುಚ್ಚಳದ ಹಿಂದಿದೆ. ಸುಮಾರು 0.4 ಮಿ.ಮೀ. ತೆರೆಯಬೇಕಾದ ಪುಟ್ಟ ಬಾಯಿ ಅದು. ಸುಟ್ಟು ಕರಕಲಾಗಿದ್ದರೆ ಉಪ್ಪುಕಾಗದದಿಂದ ತಿಕ್ಕಿ, ಒರೆಸಿ, ಗ್ಯಾಪ್ ಕೂರಿಸುತ್ತಾರೆ. ತಿಕ್ಕಿದಷ್ಟಕ್ಕೇ ಬಿಟ್ಟರೆ ಕೆಲಸ ಅರೆಬರೆ. ಪಾಯಿಂಟ್ ಪದೇ ಪದೇ ಸುಡುತ್ತಿದೆ ಎಂದರೆ ಕಂಡೆನ್ಸರ್ ಸತ್ತಿದೆ. ಪಾಯಿಂಟ್ ತೆರೆದಾಗ ನುಗ್ಗುವ ಕರೆಂಟನ್ನು ಅದು ಹೀರಿಕೊಳ್ಳದಿದ್ದರೆ ಕಿಡಿ ಪಾಯಿಂಟಿನಲ್ಲೇ ಹಾರಿ, ಪ್ಲಗ್ಗಿಗೆ ಸಿಗುವುದು ಎಂಜಲು.

ಪ್ಲಗ್ ಒಣಗಿದ್ದರೆ ಹುಡುಕಾಟ ಕಾರ್ಬುರೇಟರ್ ಕಡೆಗೆ. ಪೈಪು ಕಳಚಿ ಬಾಟಲಿಗೆ ಹಿಡಿದರೆ ಪೆಟ್ರೋಲ್ ಧಾರೆಯಾಗಿ ಬೀಳಬೇಕು. ಮೊದಲು ಬಿದ್ದು ಆಮೇಲೆ ನಿಂತರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿಕೊಂಡಿದೆ. ಮುಚ್ಚಳ ತೆಗೆದಾಗ ಸುಂಯ್ ಎಂದು ಗಾಳಿ ಎಳೆದುಕೊಂಡರೆ ಕಾರಣ ಸಿಕ್ಕಿತೆಂದೇ ಲೆಕ್ಕ. ಚೋಕ್ ಹಾಕಿದರೆ ಮಾತ್ರ ಹತ್ತಿ, ತೆಗೆದೊಡನೆ ಸಾಯುವ ಗಾಡಿಯಲ್ಲಿ ಕಾರ್ಬುರೇಟರಿನ ಸಣ್ಣ ತೂತಾದ ಪೈಲಟ್ ಜೆಟ್ಟಿಗೆ ಕಸ ಕೂತಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಉಳಿದ ಜಿಗುಟೇ ಈ ಕಸ. ಜೆಟ್ಟನ್ನು ತಂತಿಯಿಂದ ತಿವಿದರೆ ತೂತು ದೊಡ್ಡದಾಗುತ್ತದೆ, ಊದಬೇಕು.

ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದು ಗಾಡಿ ಹತ್ತದಿದ್ದರೆ ಆಗ ಒತ್ತಡದ ಸರದಿ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಹೊಡೆಸಿದರೆ ಬೆರಳು ಹಾರಬೇಕು. ಸವೆದ ರಿಂಗ್, ತೂತು ಬಿದ್ದ ಪಿಸ್ಟನ್ ಎಂದರೆ ಎಂಜಿನ್ ಬಿಚ್ಚುವ ಮಾತು, ಖರ್ಚಿನ ಮಾತು. ಅದಕ್ಕೇ ಅದು ಕೊನೆಗೆ. ಮೊದಲೇ ಎಂಜಿನ್ ಬಿಚ್ಚೋಣ ಎನ್ನುವವನ ಕೈಗೆ ಗಾಡಿ ಕೊಡಲು ನಾನಂತೂ ಹಿಂಜರಿಯುತ್ತೇನೆ. ಪ್ಲಗ್, ಕಾಯಿಲ್, ಕಂಡೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸುವವನ ಕೈಗೂ ಅಷ್ಟೇ. ಗಾಡಿ ಹತ್ತುತ್ತದೆ ನಿಜ, ಏನು ಕೆಟ್ಟಿತ್ತು ಎಂದು ಅವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕ್‌ಗಳಲ್ಲಿ ಕಾರ್ಬುರೇಟರ್ ಜಾಗವನ್ನು ಫ್ಯೂಯೆಲ್ ಇಂಜೆಕ್ಷನ್ ಹಿಡಿದಿದೆ. ಕೀ ತಿರುಗಿಸಿದಾಗ ಟ್ಯಾಂಕ್ ಒಳಗಿನ ಪಂಪ್ ಒಂದೆರಡು ಸೆಕೆಂಡು ಗುಂಯ್‌ಗುಡಬೇಕು. ಆ ಸದ್ದಿಲ್ಲದಿದ್ದರೆ ಫ್ಯೂಸ್, ಪಂಪ್ ನೋಡಬೇಕು. ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್‌ಗಳೂ ಈಗ ಅಡ್ಡಗಾಲು ಹಾಕಬಲ್ಲವು. ಬ್ಯಾಟರಿ ಪೂರ್ತಿ ಕುಸಿದರೆ ಪಂಪಿಗೂ ಕಂಪ್ಯೂಟರಿಗೂ ಜೀವವಿಲ್ಲದೆ ಇವುಗಳಲ್ಲಿ ಎಷ್ಟೋ ಗಾಡಿಗಳು ತಳ್ಳಿದರೂ ಹತ್ತುವುದಿಲ್ಲ. ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಬರುತ್ತದೆ. ಯಾವ ಸೆನ್ಸರ್‌ನ ಸುದ್ದಿ ಸರಿಯಿಲ್ಲ ಎಂದು ಅದು ಹೇಳುತ್ತದೆಯೇ ಹೊರತು, ಕೆಟ್ಟದ್ದು ಸೆನ್ಸರೋ, ಇಲಿ ಕಡಿದ ವೈರೋ ಎಂದು ಹೇಳುವುದಿಲ್ಲ. ಅಲ್ಲಿಂದ ಮುಂದೆ ಮತ್ತೆ ಬಲ್ಬಿನ ಕೆಲಸವೇ, ಬಲ್ಬಿನ ಬದಲು ಮೀಟರ್ ಅಷ್ಟೇ.

ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೊರಟವರು ಒಂದು ಉಪಕಾರ ಮಾಡಬಹುದು. ಪ್ಲಗ್ ಬಿಚ್ಚಿ ನೋಡಿದ್ದರೆ ಅದನ್ನು ಒರೆಸಬೇಡಿ, ಹೇಗಿತ್ತೋ ಹಾಗೇ ಮೆಕ್ಯಾನಿಕ್ ಕೈಗೆ ಕೊಡಿ.